ಅನ್ನದಾನಮ್ಮನ ತಲೆಯ ಫೋಟೊ

ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಎದುರಿಗೆ ಅನ್ನದಾನಮ್ಮನ ಖಾನಾವಳಿ. ಅದರ ಗೋಡೆಗೆ ಬೆನ್ನು ಕೊಟ್ಟು ನಿಂತದ್ದು ನನ್ನ ಔಷಧಿ ಅಂಗಡಿ. ಜನ ಅಲ್ಲಿ ಎಣ್ಣಿಗಾಯಿ ತಿಂದು, ಇಲ್ಲಿ ಬಂದು ಎದೆಯುರಿಗೆ ಗುಳಿಗೆ ತಗೊಳ್ಳುತ್ತಾರೆ ಅಂತ ಯಾರೋ ಪುಣ್ಯಾತ್ಮರು ಒಂದು ಮಾತು ಹುಟ್ಟಿಸಿದ್ದರು. ಅದು ಅನ್ನದಾನಮ್ಮನ ಕಿವಿಗೆ ಬಿದ್ದ ದಿನ ಆಕೆ ಸೌಟು ಹಿಡಿದುಕೊಂಡೇ ನನ್ನ ಅಂಗಡಿ ಮೆಟ್ಟಿಲು ಹತ್ತಿದಳು.

"ಏನಪಾ ಗುಳಿಗಿ ಹಾಲಸ್ವಾಮಿ, ಉಣ್ಣಾಕೂ ನನ್ನ ಎಣ್ಣಿಗಾಯಿ ಬೇಕು, ಅಂಗಡಿ ನಡಿಸಾಕೂ ನನ್ನ ಎಣ್ಣಿಗಾಯಿ ಬೇಕು. ನಿನ್ನ ಬೋರ್ಡಿನ ಮ್ಯಾಲೆ ನನ್ನ ಹೆಸರೂ ಬರಸು!"

ಹರಪನಹಳ್ಳಿ ಬಸ್ಸಿನಲ್ಲಿ ಕೂತವರೂ ತಲೆ ಹೊರಗೆ ಹಾಕಿ ನಕ್ಕರು. ಅವತ್ತಿನಿಂದ ನಾನು ಊರಿಗೆಲ್ಲ ಗುಳಿಗಿ ಹಾಲಸ್ವಾಮಿ. ಸಿಟ್ಟು ಬಂದರೂ ಏನು ಮಾಡಲಿ? ನನ್ನ ಮನೆಯಾಕೆ ಕೂಡ್ಲಿಗಿಯ ಶಾಲೆಯಲ್ಲಿ ಮೇಡಂ, ಶನಿವಾರ ಬಂದು ಸೋಮವಾರ ಹೋಗುತ್ತಿದ್ದಳು. ಉಳಿದ ದಿನವೆಲ್ಲ ನನ್ನ ಎರಡು ಹೊತ್ತಿನ ಅನ್ನ ಅನ್ನದಾನಮ್ಮನ ಕೈಯಲ್ಲಿತ್ತು. ಉಣ್ಣುವ ತಾಟಿನ ಮುಂದೆ ಜಗಳ ಕಾಯುವವನು ಮೂರ್ಖ.

ಆಕೆ ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವ ಹೆಂಗಸು. ಹಾಲಿನವನು ಶಿವನಾಣೆ ಹಾಕಿದರೂ ಬೆರಳದ್ದಿ ನೋಡುವಳು. ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಬೆನಕಪ್ಪ ಬಾಗಿಲಲ್ಲಿ ನಿಂತು "ಅಕ್ಕಾರೆ, ಹಡಗಲಿ ಬಸ್ ಬಂತು, ಹದಿನೈದು ಮಂದಿ ಊಟಕ್ಕ ಬರತಾರ" ಎಂದರೆ, ಹೊರಗೆ ಬಂದು ಬಸ್ಸಿನ ಬೋರ್ಡು ಓದಿ, ಇಳಿಯುವವರ ತಲೆ ಎಣಿಸಿ, ಆಮೇಲೆ ಹಿಟ್ಟಿಗೆ ನೀರು ಹಾಕುವಳು. ಗಂಡ ತೀರಿಕೊಂಡ ಮೇಲೆ ಬರಿಗೈಯಲ್ಲಿ ಖಾನಾವಳಿ ಕಟ್ಟಿದವಳು. ಬಾಯಿ ಮಾತು ನಂಬಿ ಎರಡು ಸಲ ಮೋಸ ಹೋಗಿದ್ದಳಂತೆ, ಮೂರನೆಯ ಸಲಕ್ಕೆ ಆಕೆ ಅವಕಾಶ ಕೊಡಲಿಲ್ಲ.

ಆಕೆಗೆ ಒಬ್ಬಳು ತಂಗಿ, ಗಂಗಾಂಬಿಕಾ. ಎಲ್ಲರ ಬಾಯಲ್ಲಿ ಗಂಗಿ. ಅಕ್ಕನಿಗಿಂತ ಹದಿನೆಂಟು ವರ್ಷ ಸಣ್ಣವಳು, ತಾಯಿ ಸತ್ತ ಮೇಲೆ ಅಕ್ಕನ ಮಡಿಲಲ್ಲೇ ಬೆಳೆದವಳು. ಆಕೆಯ ರೊಟ್ಟಿ ಎಂಥದ್ದು ಅಂದರೆ, ಬೆಳಕಿಗೆ ಹಿಡಿದರೆ ಆಚೆ ಕೂತವರ ಮುಖ ಕಾಣುತ್ತಿತ್ತು. ಅಕ್ಕನ ಗದ್ದಲ, ತಂಗಿಯ ರೊಟ್ಟಿ, ಇವೆರಡರ ಮೇಲೆ ಖಾನಾವಳಿ ನಡೆಯುತ್ತಿತ್ತು.

ಎರಡು ಸಾವಿರದ ಇಸವಿಯಲ್ಲಿ ಗಂಗಿಗೆ ಏನೋ ಆಯಿತು. ಮೊದಮೊದಲು ನಿದ್ದೆ ಹೋಯಿತು. ಆಮೇಲೆ ಒಬ್ಬಳೇ ಕೂತು ಯಾರಿಗೋ ಉತ್ತರ ಕೊಡತೊಡಗಿದಳು. ಒಂದು ಸೋಮವಾರ ಮಧ್ಯಾಹ್ನ, ನಲವತ್ತು ಜನ ರೊಟ್ಟಿ ಮುರಿದು ಸಾರಿಗಾಗಿ ಕಾಯುತ್ತಿದ್ದಾಗ, ಗಂಗಿ ಕುದಿಯುವ ಸಾರಿನ ಕೊಪ್ಪರಿಗೆಯನ್ನು ಎತ್ತಿಕೊಂಡು ಹೋಗಿ ಚರಂಡಿಗೆ ಸುರಿದಳು. ಸಾರಿಗೆ ಯಾರೋ ವಿಷ ಹಾಕಿದ್ದಾರೆಂದು ಆಕೆಯ ಕಿವಿಯಲ್ಲಿ ಒಂದು ದನಿ ಹೇಳಿತ್ತು. ಎರಡೂ ಕೈ ಮೊಣಕೈತನಕ ಬೊಬ್ಬೆ ಎದ್ದಿದ್ದವು. ಅವಳ ಲೆಕ್ಕದಲ್ಲಿ ಅವಳು ನಲವತ್ತು ಜೀವ ಉಳಿಸಿದ್ದಳು. ನಾವು ನಲವತ್ತು ಜನ ಒಣ ರೊಟ್ಟಿ ಹಿಡಿದುಕೊಂಡು ಅವಳನ್ನು ಬೈದೆವು. ಬೈದವರಲ್ಲಿ ನಾನೂ ಇದ್ದೆ, ಅದನ್ನು ಮುಚ್ಚಿಡುವುದಿಲ್ಲ.

ಎರಡು ತಿಂಗಳು ತಾಯಿತ, ಬೂದಿ, ಹರಕೆ ಎಲ್ಲ ಆಯಿತು. ಕೊನೆಗೆ ಹಗರಿಬೊಮ್ಮನಹಳ್ಳಿಯಲ್ಲಿ ತಿಂಗಳಿಗೊಮ್ಮೆ ನಡೆಯುತ್ತಿದ್ದ ಮನೋರೋಗದ ಶಿಬಿರಕ್ಕೆ ನಾನೇ ಕರೆದುಕೊಂಡು ಹೋದೆ. ಅಲ್ಲಿ ಸಿಕ್ಕವರು ಡಾಕ್ಟರ್ ಶಿವಲೀಲಾ. ಚಿಗಟೇರಿಯ ಕುರಿ ಸಾಕುವವರ ಮನೆಯ ಹುಡುಗಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಓದುತ್ತ, ಶಿಬಿರದ ಜೀಪಿನಲ್ಲಿ ಬರುತ್ತಿದ್ದಳು. ಒಂದು ತಾಸು ಗಂಗಿಯ ಜೊತೆ ಕೂತು ಮಾತಾಡಿ, ದಿನಕ್ಕೆ ಎರಡು ಗುಳಿಗೆ ಬರೆದುಕೊಟ್ಟಳು. ಆರು ತಿಂಗಳಲ್ಲಿ ದನಿ ನಿಂತಿತು, ನಿದ್ದೆ ಬಂತು, ಮುಖಕ್ಕೆ ನಗು ಬಂತು. ಎರಡು ಗುಳಿಗೆ ಒಂದಾಯಿತು.

ಗಂಗಿ ಹುಷಾರಾದಳು. ಅಕ್ಕನಿಗೆ ಮಾತ್ರ ನಂಬಿಕೆ ಬರಲಿಲ್ಲ.

ಅನ್ನದಾನಮ್ಮ ಒಲೆಯಿಂದ ಎರಡು ಮೊಳ ದೂರಕ್ಕೆ ಸುಣ್ಣದಲ್ಲಿ ಒಂದು ಗೆರೆ ಎಳೆದಳು. ಗೆರೆಯ ಆಚೆ ಒಂದು ಮಣೆ. ಗಂಗಿ ಆ ಮಣೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯಬೇಕು, ಗೆರೆ ದಾಟಬಾರದು, ಬೆಂಕಿ, ಹಂಚು, ಸಾರು ಯಾವುದನ್ನೂ ಮುಟ್ಟಬಾರದು. ಅಮಾವಾಸ್ಯೆಗೊಮ್ಮೆ ನೆಲ ತೊಳೆದಾಗ ಗೆರೆ ಮಾಸುತ್ತಿತ್ತು, ತೊಳೆದ ನೀರು ಆರುವುದರೊಳಗೆ ಅದರ ಮೇಲೆಯೇ ಮತ್ತೆ ಮೂಡುತ್ತಿತ್ತು. ಇದಲ್ಲದೆ ಬೆಳಗಾಗೆದ್ದರೆ ಒಂದು ಪರೀಕ್ಷೆ.

"ಗಂಗೀ, ಇವತ್ತು ಯಾವ ವಾರ?"

"ಬುಧವಾರ ಅಕ್ಕಾ."

"ಹೂಂ. ಬೆಳ್ಳುಳ್ಳಿ ತಗೋ."

ಮೂರು ವರ್ಷ ಇದು ಒಂದು ದಿನವೂ ತಪ್ಪಲಿಲ್ಲ. ಗಂಗಿ ಸುಲಿದ ಬೆಳ್ಳುಳ್ಳಿಯ ಸಿಪ್ಪೆ ಕೂಡಿಟ್ಟಿದ್ದರೆ ಒಂದು ಹಾಸಿಗೆ ತುಂಬಿಸಬಹುದಿತ್ತು. ಊಟಕ್ಕೆ ಬಂದವರ ತಾಟಿನಲ್ಲಿ ಅನ್ನದಾನಮ್ಮನ ದಪ್ಪ ರೊಟ್ಟಿ ಬೀಳುವಾಗ ಗಂಗಿ ತಲೆಯೆತ್ತಿ ನೋಡುವಳು, ಮತ್ತೆ ತಲೆ ತಗ್ಗಿಸುವಳು. ಅವಳಿಗೆ ಮದುವೆ ಬೇಕಿರಲಿಲ್ಲ, ಸೀರೆ ಬೇಕಿರಲಿಲ್ಲ. ಹಂಚಿನ ಮುಂದಿನ ತನ್ನ ಜಾಗ ಬೇಕಿತ್ತು.

ನಾನು ಎಷ್ಟೋ ಸಲ ಹೇಳಿದೆ. "ಅಕ್ಕಾರೆ, ಡಾಕ್ಟ್ರೇ ಹುಷಾರಾಗ್ಯಾಳ ಅಂತ ಹೇಳ್ಯಾರಲ್ರಿ."

"ಡಾಕ್ಟ್ರು ತಲಿ ಬಿಚ್ಚಿ ನೋಡ್ಯಾರೇನು? ಮಾತಾಡ್ಸಿ ಹೇಳ್ಯಾರ. ಮಾತಾಡ್ಸಿದ್ರ ಬಸ್ ಸ್ಟ್ಯಾಂಡಿನ್ಯಾಗಿರೋರೆಲ್ಲ ಹುಷಾರೇ. ನಂಗ ರುಜುವಾತು ಬೇಕು."

ಹೀಗೆ ಇರುವಾಗ, ಎರಡು ಸಾವಿರದ ನಾಲ್ಕರಲ್ಲಿ, ಡಾಕ್ಟರ್ ಶಿವಲೀಲಾ ಶಿಬಿರದಲ್ಲಿ ಒಂದು ವಿಷಯ ತೆಗೆದಳು. ಬೆಂಗಳೂರಿನಲ್ಲಿ ನಾವೊಂದು ಸಂಶೋಧನೆ ಮಾಡುತ್ತಿದ್ದೇವೆ, ದೊಡ್ಡ ಯಂತ್ರದಲ್ಲಿ ಮಲಗಿಸಿ ಮೆದುಳಿನ ಚಿತ್ರ ತೆಗೆಯುತ್ತೇವೆ, ಕಾಯಿಲೆ ಬಂದವರದು ಒಂದು, ಕಾಯಿಲೆಯಿಲ್ಲದ ಅವರ ಅಕ್ಕನದೋ ತಂಗಿಯದೋ ಒಂದು, ಎರಡನ್ನೂ ಹೋಲಿಸುತ್ತೇವೆ, ನೀವಿಬ್ಬರೂ ಬರುತ್ತೀರಾ ಅಂತ ಕೇಳಿದಳು.

"ಮೆದುಳು ಕಾಣತೈತಾ?" ಅನ್ನದಾನಮ್ಮನ ಕಣ್ಣು ಅರಳಿತು.

"ಕಾಣತೈತಿ. ಆದ್ರ ಒಂದು ಮಾತು ಕೇಳ್ರಿ ಅಕ್ಕಾ," ಎಂದು ಶಿವಲೀಲಾ ಬಿಡಿಸಿ ಹೇಳಿದಳು. "ಸಕ್ಕರಿ ಕಾಯ್ಲಿಗೆ ರಕ್ತ ನೋಡಿ ಹೇಳಿಬಿಡ್ತೀವಿ. ಮನಸ್ಸಿನ ಕಾಯ್ಲಿಗೆ ಅಂಥಾ ಪರೀಕ್ಷಿ ಇನ್ನೂ ಇಲ್ಲ. ಕೂತು ಕೇಳಬೇಕು, ನೋಡಬೇಕು, ಅಷ್ಟ. ಅಂಥಾದ್ದೊಂದು ಪರೀಕ್ಷಿ ಸಿಕ್ಕೀತೇನಂತ ಈಗ ಹುಡುಕಾಕತ್ತೀವಿ. ಈ ಚಿತ್ರ ನೋಡಿ ಗಂಗಕ್ಕ ಹುಷಾರಾಗ್ಯಾಳೋ ಇಲ್ಲೋ ಅಂತ ಹೇಳಾಕ ಬರಂಗಿಲ್ಲ."

ಇಷ್ಟೆಲ್ಲ ಹೇಳಿದ್ದರಲ್ಲಿ ಅನ್ನದಾನಮ್ಮನ ಕಿವಿಗೆ ಹೋದದ್ದು "ಕಾಣತೈತಿ" ಎಂಬ ಒಂದೇ ಮಾತು. ಮರುದಿನ ಮಧ್ಯಾಹ್ನ, ಪಂಕ್ತಿ ತುಂಬಿರುವಾಗ, ಆಕೆ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು ಸಾರಿದಳು.

"ಎಲ್ರೂ ಕೇಳ್ರಿ. ಮಿಷನ್ನು ಏನು ಹೇಳತೈತೋ ಅದು ಖರೆ. ತಲಿಯಾಗ ರೋಗದ ಚುಕ್ಕಿ ಇದ್ದೋರು ಈ ಗೆರಿ ದಾಟಂಗಿಲ್ಲ. ಚುಕ್ಕಿ ಇಲ್ಲದೋರು ಒಲಿ ಮುಂದ ಕುಂದರಬೇಕು. ಇದು ಲಿಂಗ ಮುಟ್ಟಿ ಹೇಳಿದ ಮಾತು."

ಗಂಗಿಯ ಕೈಯಿಂದ ಬೆಳ್ಳುಳ್ಳಿ ಜಾರಿತು. ಪಾಸಾದರೆ ಹಂಚು, ನಪಾಸಾದರೆ ಸಾಯುವತನಕ ಸಿಪ್ಪೆ. ಅವಳಿಗೆ ನಾನೇ ಧೈರ್ಯ ಹೇಳಿದೆ, ಆದರೆ ನನಗೇ ಧೈರ್ಯ ಇರಲಿಲ್ಲ.

ನಾನು ಗುಳಿಗೆ ಮಾರುವವನು, ಇಂಗ್ಲಿಷ್ ಬಲ್ಲವನು, ಆದ್ದರಿಂದ ಅರ್ಧ ಡಾಕ್ಟರ್ ಎಂದು ಜೊತೆಗೆ ಹೋದೆ. ಬೆಂಗಳೂರಿನ ಆ ಕೋಣೆಯ ಮುಂದೆ ಒಬ್ಬ ಟೆಕ್ನಿಷಿಯನ್ನು, ಒಳಗಿರುವುದು ಭಾರಿ ಅಯಸ್ಕಾಂತ, ಮೈಮೇಲೆ ಲೋಹ ಇರಕೂಡದು ಎಂದ. ಮೂವತ್ತು ವರ್ಷದಿಂದ ಮೂಗು ಬಿಡದ ಅನ್ನದಾನಮ್ಮನ ಮೂಗುಬೊಟ್ಟು ಸೋಪಿನ ನೀರಿಗೆ ಸೋತು ಹೊರಬಂತು. ಆಮೇಲೆ ಅವನು ಬೆಳ್ಳಿಯ ಕರಡಿಗೆಯತ್ತ ಕೈ ತೋರಿಸಿದ.

"ಏನಂದಿ? ಲಿಂಗ ತಗೀಬೇಕಾ? ಹುಟ್ಟಿದ ಹನ್ನೊಂದನೇ ದಿನ ಕಟ್ಟಿದ್ದು. ಇದು ಮೈ ಬಿಟ್ಟು ಹೋಗೋದು, ನಾ ಹೋದ ದಿನ. ಅಲ್ಲ, ಅವತ್ತೂ ಬಿಡಂಗಿಲ್ಲ, ನನ್ನ ಕೂಡ ಮಣ್ಣಿಗೆ ಬರತೈತಿ!"

ಟೆಕ್ನಿಷಿಯನ್ ಮಂಗಳೂರಿನವನಿರಬೇಕು, ಕಂಗಾಲಾದ. ಹಿಂದೆ ಇನ್ನೂ ಆರು ಜನ ಕಾಯುತ್ತಿದ್ದರು. ಶಿವಲೀಲಾ ಓಡಿಬಂದಳು. "ಅಕ್ಕಾ, ಲಿಂಗ ಮೈಮ್ಯಾಲೇ ಇರ್ಲಿ. ಬೆಳ್ಳಿ ಕರಡಿಗಿ ಅಷ್ಟ ಹೊರಗ ಇಡೋಣ. ಲಿಂಗ ಬಟ್ಟಿಯಾಗ ಕಟ್ಟಿ ಕೊರಳಾಗ ಹಾಕ್ಕೊಳ್ರಿ." ಅನ್ನದಾನಮ್ಮ ಯೋಚಿಸಿ ಒಪ್ಪಿದಳು, ಗೋಡೆಯ ಕಡೆ ತಿರುಗಿ ನಿಂತು ಬಿಳಿ ಅರಿವೆಯಲ್ಲಿ ಕಟ್ಟಿಕೊಂಡಳು. ಟೆಕ್ನಿಷಿಯನ್ ಆದರೂ ಬಿಡದೆ ಒಂದು ಪುಟ್ಟ ಅಯಸ್ಕಾಂತ ತಂದು ಗಂಟಿನ ಹತ್ತಿರ ಹಿಡಿದು ನೋಡಿದ. ಅದು ಎಳೆಯಲಿಲ್ಲ.

"ನೋಡಿದ್ಯಾ?" ಎಂದಳು ಅನ್ನದಾನಮ್ಮ. "ನನ್ನ ಶಿವ ಯಾರ ಕಡಿಗೂ ವಾಲೋನಲ್ಲ."

ಖಾಲಿ ಕರಡಿಗೆ ಎರಡು ತಾಸು ನನ್ನ ಅಂಗೈಯಲ್ಲಿತ್ತು. ಚಹಾ ಕುಡಿಯಲೂ ಬಿಡಲಿಲ್ಲ, ಎಂಜಲಾಗುತ್ತದಂತೆ.

ಗಂಗಿ ಒಳಗೆ ಹೋಗಿ ಮಲಗಿದಳು, ಅಲ್ಲಾಡದೆ ಮಲಗಿ ಎದ್ದುಬಂದಳು. ಅಲ್ಲಾಡದೆ ಕೂರುವುದರಲ್ಲಿ ಅವಳಿಗೆ ಮೂರು ವರ್ಷದ ಅಭ್ಯಾಸವಿತ್ತು. ಅನ್ನದಾನಮ್ಮನ ಸರದಿ ಬಂದಾಗ ಮಾತ್ರ ಚಿತ್ರ ಮೂರು ಸಲ ತೆಗೆಯಬೇಕಾಯಿತು. ಯಂತ್ರ ಒಳಗಿನಿಂದ ಟಕಟಕ, ಡಬಡಬ ಎಂದು ಬಡಿಯುತ್ತದೆ. ಆಕೆ ಆ ಕೊಳವೆಯೊಳಗಿನಿಂದಲೇ ಕೂಗುತ್ತಿದ್ದಳು. "ಯಾರಲೇ ಅದು? ರೊಟ್ಟಿ ಹಿಂಗ ಬಡಿದ್ರ ಹರೀತೈತಿ! ಕೈ ಹಗೂರ ಬಿಡು!"

ಚಿತ್ರದ ಹಾಳೆ ಕೊಡುವ ಪದ್ಧತಿ ಇಲ್ಲ ಎಂದರು. ರುಜುವಾತು ಇಲ್ಲದೆ ಊರಿಗೆ ಹೋಗುವುದಿಲ್ಲ ಎಂದು ಅನ್ನದಾನಮ್ಮ ಬಾಗಿಲಲ್ಲೇ ಕೂತಳು. ಕೊನೆಗೆ ಶಿವಲೀಲಾ, ಹಾಳೆ ಮತ್ತು ವರದಿ ಎರಡನ್ನೂ ಟಪಾಲಿನಲ್ಲಿ ಕಳಿಸುತ್ತೇನೆ, ಅದರಲ್ಲಿ ಬರೆದದ್ದನ್ನು ಹಾಲಸ್ವಾಮಿ ಅಣ್ಣನ ಕೈಲಿ ಪೂರ್ತಿ ಓದಿಸಿಕೊಳ್ಳಿರಿ ಎಂದು ಹೇಳಿ ಎಬ್ಬಿಸಿದಳು.

ಪೂರ್ತಿ ಎಂದಿದ್ದಳು. ನನಗೆ ಚೆನ್ನಾಗಿ ನೆನಪಿದೆ.

ಮೂರು ವಾರದ ಮೇಲೆ ಟಪಾಲು ಬಂದ ದಿನ ಬೆಳಿಗ್ಗೆ ಒಂದು ಘಟನೆ ನಡೆದಿತ್ತು. ಅನ್ನದಾನಮ್ಮ ಹೊರಗೆ ಬಸ್ಸಿನ ತಲೆ ಎಣಿಸಲು ಹೋಗಿದ್ದಳು, ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಗಂಗಿ ತಡೆಯಲಾರದೆ ಗೆರೆಯಾಚೆಯಿಂದಲೇ ಮೈ ಚಾಚಿ ಆ ರೊಟ್ಟಿಯನ್ನು ತಿರುವಿ ಹಾಕಿದಳು. ಒಳಗೆ ಬಂದ ಅಕ್ಕ ಏನೂ ಕೇಳಲಿಲ್ಲ. ಆ ರೊಟ್ಟಿಯನ್ನು ಎತ್ತಿ, ಎಲ್ಲರ ಎದುರು, ಬೀದಿಯ ನಾಯಿಗೆ ಎಸೆದಳು. ಗಂಗಿ ಅಳಲಿಲ್ಲ, ಬೆಳ್ಳುಳ್ಳಿ ಸುಲಿದಳು. ನನಗೆ ಮೈಯೆಲ್ಲ ಉರಿಯಿತು. ನನ್ನ ಅಂಗಡಿಯಲ್ಲಿ ಅದಕ್ಕೆ ಗುಳಿಗೆ ಇರಲಿಲ್ಲ.

ಮಧ್ಯಾಹ್ನ ಎರಡು ಲಕೋಟೆ ಬಂದವು. ಪಂಕ್ತಿಯವರೆಲ್ಲ ಉಣ್ಣುವುದು ಬಿಟ್ಟು ಕಿವಿ ಕೊಟ್ಟರು. ಗಂಗಿಯದು ಒಂದೇ ಸಾಲು.

"ಮೆದುಳಿನಾಗ ಯಾವ ದೋಷಾನೂ ಇಲ್ಲ," ಎಂದು ಓದಿದೆ.

ಅನ್ನದಾನಮ್ಮ ಕಣ್ಣು ಪಿಳುಕಿಸಿದಳು. "ಅಂದ್ರ ಚುಕ್ಕಿ ಇಲ್ಲ?"

"ಇಲ್ರಿ."

"ನಂದು ಓದು."

ಅದರಲ್ಲಿ ಎರಡು ಸಾಲಿದ್ದವು. "ಮೆದುಳಿನ ಎಡಗಡೆ, ಹೊರಭಾಗದಲ್ಲಿ, ಕಡಲೆಕಾಳಿನಷ್ಟು ದೊಡ್ಡ ನೀರಿನ ಗುಳ್ಳೆ ಕಂಡಿದೆ" ಎನ್ನುವುದು ಮೊದಲನೆಯದು. "ಇದು ಹುಟ್ಟಿನಿಂದಲೇ ಇದ್ದಿರಬಹುದು, ಆರೋಗ್ಯವಂತರಲ್ಲೂ ಆಗಾಗ ಕಾಣುತ್ತದೆ, ಇದರಿಂದ ಯಾವ ತೊಂದರೆಯೂ ಇಲ್ಲ" ಎನ್ನುವುದು ಎರಡನೆಯದು.

ನಾನು ಸುಳ್ಳು ಹೇಳಲಿಲ್ಲ. ಮೊದಲನೆಯ ಸಾಲು ಓದಿ, ಕಾಗದ ಮಡಿಚಿ ಜೇಬಿಗಿಟ್ಟುಕೊಂಡೆ, ಅಷ್ಟೆ.



ಮೈಲಾರ ಜಾತ್ರೆಯ ಕಾರಣಿಕ, ಅಂದರೆ ದೇವರ ನುಡಿ, ನಮ್ಮ ಕಡೆ ವರ್ಷಕ್ಕೊಂದು ಸಾಲು. ಗೊರವಯ್ಯ ಬಿಲ್ಲೇರಿ ನುಡಿದ ಆ ಒಂದು ಸಾಲಿಗೆ ಮಳೆ, ಬೆಳೆ, ಚುನಾವಣೆ ಎಲ್ಲದರ ಅರ್ಥ ಹಚ್ಚುತ್ತ ಜನ ಮುಂದಿನ ಕಾರಣಿಕದವರೆಗೆ ಬದುಕುತ್ತಾರೆ. ಒಂದು ಸಾಲು ಕೊಟ್ಟರೆ ನಮ್ಮವರು ಹನ್ನೆರಡು ತಿಂಗಳು ಉಣ್ಣಬಲ್ಲರು. ಅಂಥವರ ಪಂಕ್ತಿಗೆ ನಾನು ಈ ಸಾಲು ಬಡಿಸಿದ್ದೆ.

ಮೊದಲು ಎದ್ದವನು ಮೈಲಾರಲಿಂಗಪ್ಪ. ತಂಬ್ರಹಳ್ಳಿಯ ಕುರಿಗಾರ, ಸಂತೆಗೆ ಟಗರು ಹೊಡೆದುಕೊಂಡು ಬಂದಾಗೆಲ್ಲ ಇಲ್ಲಿಯೇ ಉಣ್ಣುವವನು. ಎಂಜಲ ಕೈ ಕಂಬಳಿಗೆ ಒರೆಸಿಕೊಂಡು, ಅನ್ನದಾನಮ್ಮನ ಚಿತ್ರದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದ.

"ಇದು ನಂಗ ಗೊತ್ತು," ಎಂದ. "ನಮ್ಮ ಕುರಿಗೂ ಬರತೈತಿ. ತಲಿಯಾಗ ಹಿಂಗ ನೀರಿನ ಗುಳ್ಳಿ ಆಕ್ಕೈತಿ. ಆಮ್ಯಾಗ ಕುರಿ ಒಂದೇ ಕಡಿ ಸುತ್ತತೈತಿ. ಎಡಕ್ಕ ಗುಳ್ಳಿ ಇದ್ರ ಎಡಕ್ಕ."

"ಅಕ್ಕಾರು ಎಲ್ಲಿ ಸುತ್ತತಾರಲೇ?" ಎಂದ ಬೆನಕಪ್ಪ.

ಮೈಲಾರಲಿಂಗಪ್ಪ ಪಂಕ್ತಿಯ ಕಡೆ ಕೈ ತೋರಿಸಿದ. ನಾವೆಲ್ಲ ಯೋಚಿಸಿದೆವು. ಇಪ್ಪತ್ತು ವರ್ಷದಿಂದ ಅನ್ನದಾನಮ್ಮ ಒಲೆಯಿಂದ ಹೊರಟು, ಎಡಗಡೆ ಮೂಲೆಯಿಂದ ಬಡಿಸುತ್ತ, ಪಂಕ್ತಿ ಸುತ್ತಿ ಒಲೆಗೆ ಬರುತ್ತಿದ್ದಳು. ಎಡಕ್ಕೆ. ಯಾವಾಗಲೂ ಎಡಕ್ಕೆ.

"ಶಿವನೇ," ಎಂದ ಬೆನಕಪ್ಪ.

ನೀರಿನ ಕೊಡ ಬಲಗಡೆ ಅಡ್ಡ ಇರುವುದರಿಂದ ಯಾರೇ ಬಡಿಸಿದರೂ ಎಡಕ್ಕೇ ತಿರುಗಬೇಕು ಎನ್ನುವುದು ಯಾರಿಗೂ ಹೊಳೆಯಲಿಲ್ಲ.

"ಇದಕ್ಕ ಔಷಧ ಐತಿ," ಮೈಲಾರಲಿಂಗಪ್ಪ ಸಮಾಧಾನದ ದನಿಯಲ್ಲಿ ಹೇಳಿದ. "ಕಬ್ಬಿಣ ಕಾಸಿ ನೆತ್ತಿ ಮ್ಯಾಲೆ ಒಂದು ಬರಿ ಎಳಿಬೇಕು. ಹತ್ತು ಕುರಿಯಾಗ ನಾಕು ಬದುಕತಾವ."

ಅನ್ನದಾನಮ್ಮ ಎರಡೂ ಕೈಯಲ್ಲಿ ನೆತ್ತಿ ಹಿಡಿದುಕೊಂಡಳು. ಈಗ ಸೌಟು ಬೀಸುತ್ತಾಳೆ ಎಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಆಕೆ ಬೀಸಲಿಲ್ಲ. ಸೌಟನ್ನು ಒಲೆಯ ಕಟ್ಟೆಯ ಮೇಲಿಟ್ಟಳು. ಸೆರಗು ಸರಿಮಾಡಿಕೊಂಡು, ಗೆರೆ ದಾಟಿ ಆಚೆ ಹೋಗಿ, ಗಂಗಿಯ ಮಣೆಯ ಹತ್ತಿರ ನಿಂತಳು.

"ಏಳು ಗಂಗೀ. ಲಿಂಗ ಮುಟ್ಟಿ ಹೇಳೇನಿ. ಒಲಿ ನಿಂದು."

ಮಾತಿಗೆ ತಪ್ಪುವ ಹೆಂಗಸಲ್ಲ ಎಂದು ಗೊತ್ತಿತ್ತು. ಆದರೂ ಇಷ್ಟು ಬೇಗ ಒಲೆ ಬಿಡುತ್ತಾಳೆ ಎಂದುಕೊಂಡಿರಲಿಲ್ಲ.

ಗಂಗಿ ಹಂಚಿನ ಮುಂದೆ ಕೂತಳು. ಮೊದಲ ದಿನದ ರೊಟ್ಟಿ ಚಪ್ಪಲಿಯ ಅಟ್ಟೆಯ ಹಾಗಿತ್ತು, ಕೈ ಮರೆತಿತ್ತು. ಎರಡನೆಯ ದಿನ ಅಂಚು ಹರಿಯಿತು. ಮೂರನೆಯ ದಿನ ಬೆನಕಪ್ಪ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಗುಳಿಗಿ ಸಾವ್ಕಾರ್ರೆ, ಆಚಿಂದ ನಿಮ್ಮ ಮೂಗು ಕಾಣಾಕತ್ತೈತಿ" ಎಂದ. ಪಂಕ್ತಿಯಲ್ಲಿ ಎಲ್ಲರೂ ನಕ್ಕರು, ಗಂಗಿಯೂ ನಕ್ಕಳು. ನಾನು ಮೂರು ರೊಟ್ಟಿ ಹೆಚ್ಚು ತಿಂದೆ. ಮಾಡಿದ್ದು ಒಳ್ಳೆಯ ಕೆಲಸವೇ ಎಂದು ಬೆನ್ನು ತಟ್ಟಿಕೊಂಡೆ.

ಮಣೆಯ ಮೇಲೆ ಅನ್ನದಾನಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮೊದಲೆರಡು ದಿನ ಅಲ್ಲಿಂದಲೇ ಗದ್ದಲ ಮಾಡಿದಳು. ಮೂರನೆಯ ದಿನದಿಂದ ಆಕೆಯ ನಡಿಗೆ ಬದಲಾಯಿತು. ಎಲ್ಲಿಗೆ ಹೋಗುವುದಿದ್ದರೂ ಬಲಕ್ಕೆ ತಿರುಗಿಯೇ ಹೋಗುವಳು. ಎಡಕ್ಕಿರುವ ಬಚ್ಚಲಿಗೆ ಹೋಗಲು ಬಲಕ್ಕೆ ಹೊರಟು, ಬೀದಿಗಿಳಿದು, ನನ್ನ ಅಂಗಡಿ ಸುತ್ತಿ ಹಿತ್ತಲಿನಿಂದ ಹೋಗುವಳು. ಉಣ್ಣಲು ಬಂದವರನ್ನು ನಿಲ್ಲಿಸಿ, "ನೋಡಪಾ, ನಾ ನೆಟ್ಟಗ ನಡಿಯಾಕತ್ತೀನಾ?" ಎಂದು ಕೇಳುವಳು. ಜನ ನಗುತ್ತಿದ್ದರು. ಮೈಲಾರಲಿಂಗಪ್ಪ ಬಂದರೆ ಒಳಗಿನ ಕೋಣೆ ಸೇರಿ ಚಿಲಕ ಹಾಕಿಕೊಳ್ಳುವಳು.

ಐದನೆಯ ದಿನದಿಂದ ನಗು ನಿಂತಿತು. ಅನ್ನದಾನಮ್ಮನ ದನಿಯೇ ಇಲ್ಲ. ಖಾನಾವಳಿಯಲ್ಲಿ ಜಗಿಯುವ ಸದ್ದು ಕೇಳುತ್ತಿತ್ತು, ಅಂಥ ಊಟ ಗಂಟಲಲ್ಲಿ ಇಳಿಯುವುದಿಲ್ಲ. ಏಳನೆಯ ದಿನ ಆಕೆ ನನ್ನ ಅಂಗಡಿಗೆ ಬಂದು, ಕೌಂಟರಿನ ಮೇಲೆ ಬಾಗಿ, ಮೆಲ್ಲಗೆ ಕೇಳಿದಳು. ಆಕೆ ಮೆಲ್ಲಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಹಾಲಸ್ವಾಮಿ, ತಲಿಯಾಗ ಒಂದು ಮಾತು ಬಂದ್ರ, ಅದು ನಂದೋ ಇನ್ನೊಬ್ಬರದೋ ಅಂತ ಹೆಂಗ ಗೊತ್ತಾಕ್ಕೈತಿ?"

ಆ ಎರಡನೆಯ ಸಾಲು ನನ್ನ ಜೇಬಿನಲ್ಲೇ ಇತ್ತು. ತೆಗೆದು ಓದಬೇಕಿತ್ತು. ಓದಿದರೆ ಅಕ್ಕ ಒಲೆಗೆ ಮರಳಿ ಗಂಗಿ ಮತ್ತೆ ಮಣೆಗೆ ಹೋಗುತ್ತಾಳೆ, ನನ್ನ ಮರ್ಯಾದೆ ಚರಂಡಿಗೆ ಹೋಗುತ್ತದೆ. ಈ ಎರಡರಲ್ಲಿ ಮೊದಲನೆಯದಕ್ಕಾಗಿ ಸುಮ್ಮನಿದ್ದೆ ಎಂದು ಹೇಳಿಕೊಳ್ಳಬಹುದು. ನಿಜವಾಗಿ ಹೆದರಿದ್ದು ಎರಡನೆಯದಕ್ಕೆ. "ನಿದ್ದಿ ಮಾಡ್ರಿ ಅಕ್ಕಾರೆ, ಎಲ್ಲ ಸರಿ ಆಕ್ಕೈತಿ" ಎಂದು ಕಳಿಸಿದೆ. ಆ ರಾತ್ರಿ ನಿದ್ದೆ ಬರದಿದ್ದವನು ನಾನು.

ಒಂಬತ್ತನೆಯ ದಿನ ಶಿಬಿರಕ್ಕೆ ಹೊರಟ ಜೀಪು ಖಾನಾವಳಿಯ ಮುಂದೆ ನಿಂತಿತು. ಶಿವಲೀಲಾ ಇಳಿದು ಬಂದು ಮಣೆಯ ಮೇಲೆ ಕೂತ ಅನ್ನದಾನಮ್ಮನನ್ನು ನೋಡಿ ಗಾಬರಿಯಾದಳು.

"ಅಕ್ಕಾ, ಏನಾತು? ಅರ್ಧ ಇಳಿದೀರಿ!"

"ಗುಳ್ಳಿ ಐತಲ್ಲವ್ವಾ ತಲಿಯಾಗ."

"ಐತಿ. ಅದರಿಂದ ಏನೂ ಆಗಂಗಿಲ್ಲ ಅಂತ ಬರದಿದ್ನಲ್ಲ. ಹಾಲಸ್ವಾಮಿ ಅಣ್ಣ ಓದಲಿಲ್ಲೇನು?"

ಎಲ್ಲರ ಕಣ್ಣು ನನ್ನ ಮೇಲೆ ಬಿದ್ದವು. ಉಣ್ಣುತ್ತ ಕೂತಿದ್ದವನು ಎದ್ದೆ. ಜೇಬಿನಿಂದ ಕಾಗದ ತೆಗೆದೆ, ಎರಡನೆಯ ಸಾಲು ಓದಿದೆ. ಆ ಬೆಳಗಿನ ರೊಟ್ಟಿಯ ವಿಷಯ, ನನ್ನ ಸಿಟ್ಟಿನ ವಿಷಯ, ಎಲ್ಲ ಹೇಳಿದೆ. ಹೇಳಿ ಮುಗಿಯುವುದರೊಳಗೆ ಬೆಳ್ಳುಳ್ಳಿ ಬುಟ್ಟಿ ನನ್ನ ತಲೆಯ ಮೇಲೆ ಬಂದು ಕವುಚಿತು.

"ಭಾಡ್ಯಾ! ಒಂಬತ್ತು ದಿನ! ಬಚ್ಚಲಿಗೆ ಹೋಗಾಕ ಬೀದಿ ಸುತ್ತೀನಲ್ಲೋ! ಇನ್ನೊಂದು ತಿಂಗಳು ಈ ಹೊಸ್ತಿಲು ತುಳದ್ರ ಕಾಲು ಮುರೀತೀನಿ!"

ದನಿ ಬಸ್ ಸ್ಟ್ಯಾಂಡಿನ ಆಚೆಗೂ ಮುಟ್ಟಿತು. ಬೈಸಿಕೊಳ್ಳುತ್ತ ನನಗೆ ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಮೈಲಾರಲಿಂಗಪ್ಪ ಮಾತ್ರ ಒಪ್ಪಲಿಲ್ಲ. "ಕುರಿಗೆ ಬಂದ್ರ ಸುತ್ತತೈತಲ್ರಿ ಡಾಕ್ಟ್ರವ್ವಾ?"

"ಕಾಕಾ, ನಮ್ಮ ಮನ್ಯಾಗೂ ಕುರಿ ಅದಾವ. ಕುರಿಯಾಗಿರೋದು ಹುಳದ ಗುಳ್ಳಿ. ಅಕ್ಕಂದು ಬರೇ ನೀರು. ನೀ ಕಬ್ಬಿಣ ಕಾಸಬ್ಯಾಡ."

"ಹಂಗಾರ ಗಂಗಿದು?" ಎಂದಳು ಅನ್ನದಾನಮ್ಮ. "ಆಕಿ ತಲಿ ಸ್ವಚ್ಛ ಐತಿ ಅಂದ್ರ ರೋಗ ಹೋಗೈತಿ ಅಂತ ಅರ್ಥ ತಾನೇ?"

ಶಿವಲೀಲಾ ತಾಟಿನಿಂದ ಒಂದು ರೊಟ್ಟಿ ಎತ್ತಿದಳು. "ಅಕ್ಕಾ, ಕೊಟ್ಟೂರಿನ ಸಾವಿರ ರೊಟ್ಟಿ, ಹರಪನಹಳ್ಳಿಯ ಸಾವಿರ ರೊಟ್ಟಿ ತೂಗಿದ್ರ, ಕೊಟ್ಟೂರಿನವು ಒಂದು ಕೂದಲೆಳಿ ತೆಳ್ಳಗ ಇರಬಹುದು. ಆದ್ರ ಒಂದೇ ರೊಟ್ಟಿ ಕೈಯಾಗ ಕೊಟ್ಟು ಯಾವೂರದು ಹೇಳು ಅಂದ್ರ ಹೇಳಾಕಾಕ್ಕೈತೇನು?"

"ನಾ ಹೇಳತೀನಿ," ಎಂದಳು ಅನ್ನದಾನಮ್ಮ.

"ನೀವು ಹೇಳತೀರಿ. ನಮ್ಮ ಮಿಷನ್ನಿಗೆ ಇನ್ನೂ ಬರಂಗಿಲ್ಲ. ಸಾವಿರ ಮಂದಿದು ಕೂಡಿಸಿದ್ರ ಸಣ್ಣ ವ್ಯತ್ಯಾಸ ಕಾಣತೈತಿ. ಒಬ್ಬರ ಚಿತ್ರ ನೋಡಿ, ಈಕಿಗೆ ರೋಗ ಐತಿ, ಈಕಿಗೆ ಇಲ್ಲ ಅಂತ ಹೇಳಾಕ ಬರಂಗಿಲ್ಲ. ಮುಂದ ಬರಬಹುದು, ಅದಕ್ಕ ನಿಮ್ಮಿಬ್ಬರ ಚಿತ್ರಾನೂ ಬೇಕು. ಗಂಗಕ್ಕ ನಿದ್ದಿ ಮಾಡತಾಳ, ಉಣ್ಣತಾಳ, ಗುಳಿಗಿ ತಪ್ಪಸಂಗಿಲ್ಲ, ಒಂಬತ್ತು ದಿನ ಖಾನಾವಳಿ ನಡಿಸ್ಯಾಳ. ಇವತ್ತಿಗೆ ನನ್ನ ಹತ್ರ ಇರೋ ಪರೀಕ್ಷಿ ಇದ."

ರೊಟ್ಟಿ ಮುಗಿಸಿ, ಕೈ ತೊಳೆದು, ಜೀಪು ಹತ್ತಿ ಅವಳು ಹೋದಳು. ನಾನು ಬೆಳ್ಳುಳ್ಳಿ ಸಿಪ್ಪೆ ಝಾಡಿಸಿಕೊಳ್ಳುತ್ತ ಹೊಸ್ತಿಲಾಚೆ ನಿಂತು ನೋಡುತ್ತಿದ್ದೆ.

ಅನ್ನದಾನಮ್ಮ ಎದ್ದಳು. ಸೆರಗು ಸಿಕ್ಕಿಸಿಕೊಂಡು ಒಲೆಯ ಕಡೆ ನಡೆದಳು, ಎಡಕ್ಕೇ ತಿರುಗಿ. ಆಕೆ ಗೆರೆಯ ಹತ್ತಿರ ಬರುವುದರೊಳಗೆ ಗಂಗಿ ಹಂಚು ಬಿಟ್ಟು ಎದ್ದಾಗಿತ್ತು. ಹಿಟ್ಟಿನ ಕೈ ತೊಳೆದುಕೊಂಡು, ಒಂದು ಮಾತೂ ಇಲ್ಲದೆ, ಮಣೆಯ ಕಡೆ ಹೊರಟಿದ್ದಳು.

"ಎಲ್ಲಿಗೆ?" ಎಂದಳು ಅಕ್ಕ.

"ನಿನ್ನ ತಲಿ ಚೊಲೋ ಐತಂತಲ್ಲಕ್ಕಾ. ಒಲಿ ನಿಂದಾತು."

ಅನ್ನದಾನಮ್ಮ ಅಲ್ಲಿಯೇ ನಿಂತಳು. ಏನೋ ಬೈಯಲು ಬಾಯಿ ತೆರೆದವಳು ಬೇರೆಯೇ ಕೇಳಿದಳು.

"ಒಂಬತ್ತು ದಿನ ನಾ ಆ ಮಣಿ ಮ್ಯಾಲೆ ಕುಂತಿದ್ನಿ. ಒಂದು ದಿನಾನೂ ನೀ ನಂಗ ಯಾವ ವಾರ ಅಂತ ಕೇಳಲಿಲ್ಲಲ್ಲ, ಯಾಕ?"

"ಕೇಳಿದ್ರ ಹೆಂಗಾಕ್ಕೈತಿ ಅಂತ ನಂಗ ಗೊತ್ತೈತಲ್ಲ."

"ಹೆಂಗಾಕ್ಕೈತಿ?"

ಗಂಗಿ ಗೋಡೆಯ ಕಡೆ ನೋಡಿದಳು. ಅಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ತೂಗುತ್ತಿತ್ತು. "ಮೂರು ವರ್ಷ ಆತಕ್ಕಾ. ಎಚ್ಚರ ಆದ ಕೂಡಲೆ, ಕಣ್ಣು ಸೈತ ಉಜ್ಜಿಕೊಳ್ಳದ, ಅದರ ಹತ್ರ ಓಡತೀನಿ. ನೀ ಏಳೋದ್ರೊಳಗ ಓದಿ, ಬಾಯಾಗ ಹೇಳ್ಕೊಂತ ಬಂದು ಮಲಗತೀನಿ. ಖಾನಾವಳಿಯಾಗ ಕೆಲಸ ಮಾಡೋರಿಗೆ ಯಾವ ವಾರ ಯಾವಾಗ ನೆನಪಿರತೈತಿ? ಎಲ್ಲಿ ತಪ್ಪಿಬಿಡತೀನೋ ಅಂತ ಹೆದರಿಕಿ."

ಬೆನಕಪ್ಪ ಬಿಡಬೇಕಿದ್ದ ಬಸ್ ಹೊರಗೆ ಹಾರ್ನ್ ಹೊಡೆಯುತ್ತಿತ್ತು, ಅವನು ಏಳಲಿಲ್ಲ.

ಅನ್ನದಾನಮ್ಮ ಕಾಲಿನಿಂದ ಗೆರೆ ಉಜ್ಜಿದಳು. ಮೂರು ವರ್ಷದ ಸುಣ್ಣ, ಸುಲಭಕ್ಕೆ ಹೋಗಲಿಲ್ಲ. ಚೊಂಬಿನ ನೀರು ಸುರಿದು, ಕೂತು, ಅಂಗೈಯಲ್ಲಿ ತಿಕ್ಕಿದಳು. ಆಮೇಲೆ ಮಣೆಯನ್ನು ಎತ್ತಿ ತಂದು ಗಂಗಿಯ ಹಂಚಿನ ಪಕ್ಕದಲ್ಲಿ ಹಾಕಿದಳು.

"ರೊಟ್ಟಿ ನೀ ಬಡಿ. ಸಾರು ನಾ ನೋಡತೀನಿ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ನಂಗ ತಿಳೀಲಿಲ್ಲವ್ವಾ," ಎಂದೂ ಹೇಳಿದಳು. ಆಕೆಯ ಬಾಯಿಂದ ಅಂಥ ಮಾತು ಮತ್ತೆ ಯಾರೂ ಕೇಳಿಲ್ಲ.

ಸಂಜೆ ಕ್ಯಾಲೆಂಡರ್ ಗೋಡೆಯಿಂದ ಇಳಿಯಿತು. ಅದರ ಹಾಳೆಗಳು ಒಂದು ತಿಂಗಳು ಮಂಡಕ್ಕಿ ಕಟ್ಟಲು ಆದವು.

ನಾನು ಆ ತಿಂಗಳು ಅವಲಕ್ಕಿ ತಿಂದು ಬದುಕಿದೆ. ಶಿಕ್ಷೆ ಮುಗಿದ ದಿನ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಹೋಗಿ ಪಂಕ್ತಿಯಲ್ಲಿ ಕೂತೆ. ಅನ್ನದಾನಮ್ಮ ಸಾರಿನ ಸೌಟು ಹಿಡಿದು ಬಂದು ನನ್ನ ಮುಂದೆ ನಿಂತಳು. ಬಡಿಸಲಿಲ್ಲ.

"ಏನಪಾ ಗುಳಿಗಿ ಹಾಲಸ್ವಾಮಿ, ಇವತ್ತು ಯಾವ ವಾರ?"

ಎಂಥ ಸುಲಭದ ಪ್ರಶ್ನೆ. ಅಷ್ಟು ಜನ ನನ್ನ ಬಾಯಿ ನೋಡುತ್ತಿದ್ದರು. ನನಗೆ ಹೊಳೆಯಲಿಲ್ಲ. ಮಂಗಳವಾರ ಎಂದು ತುಟಿಯವರೆಗೆ ಬಂದು ಅಲ್ಲವೇನೋ ಅನ್ನಿಸಿತು. ನನಗೆ ಗೊತ್ತಿಲ್ಲದೆಯೇ ಕತ್ತು ಗೋಡೆಯ ಕಡೆ ತಿರುಗಿತ್ತು. ಅಲ್ಲಿ ಬರೀ ಮೊಳೆ ಇತ್ತು.

ಆಗ ಗಂಗಿ ಒಲೆಯ ಹತ್ತಿರದಿಂದ ಎದ್ದು ಬಂದು, ಬಗ್ಗಿ ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕುತ್ತ, ನನಗಷ್ಟೇ ಕೇಳುವಂತೆ ಹೇಳಿದಳು.

"ಗುರುವಾರ ರಿ ಅಣ್ಣಾ."